ಮಾರದ ಸೀರೆಯಿಂದ ಬಂದ ಲಾಭ

ಕಸೂತಿ ಹಾಕಿದ ಅಪ್ಪಟ ರೇಷ್ಮೆಯ ಇಳಕಲ್ ಸೀರೆಯೊಂದನ್ನು ಸುಮಾರು 11 ಸಾವಿರಕ್ಕೆ ತಂದು, 14 ಸಾವಿರದ ಚೀಟಿ ಅಂಟಿಸಿ ಗಾದಿಯ ಮೇಲೆ ಹರವಿದಾಗ ಅಣ್ಣ ಸಿಡಿದ. "ಗದಗದ ಈ ಓಣಿಗೆ ಬಂದು ಇದನ್ನು ಯಾರು ಒಯ್ಯುತ್ತಾರೆ? ಅದೂ ನೂರಕ್ಕೆ ಎರಡರ ಬಡ್ಡಿಯ ದುಡ್ಡು!" ಎರಡು ವರ್ಷವಾಯಿತು, ಸೀರೆ ಇನ್ನೂ ಇಲ್ಲೇ ಇದೆ. ಬಡ್ಡಿಯೇ ಐದು ಸಾವಿರ ದಾಟಿರಬೇಕು. ಆದರೆ ವಾರಕ್ಕೆ ಮೂರು ಹೋಗುತ್ತಿದ್ದ 2,800 ರೂಪಾಯಿಯ ಕೈಮಗ್ಗದ ಸೀರೆಗಳು ಈಗ ಎಂಟೊಂಬತ್ತು ಹೋಗುತ್ತಿವೆ.

ಮೊದಲು ನಾನೂ ಎಲ್ಲರಂತೆ ಸೋವಿಯಿಂದಲೇ ಬಿಚ್ಚುತ್ತಿದ್ದೆ. 700ರ ಪವರ್‌ಲೂಮ್ ಸೀರೆ ಕಣ್ಣಿಗೆ ಬಿತ್ತೆಂದರೆ ಆ ಅಂಕಿ ಗಿರಾಕಿಯ ತಲೆಯಲ್ಲಿ ಕೂತುಬಿಡುತ್ತದೆ. ಆಮೇಲೆ 2,800 ಎಂದರೆ ಕಳ್ಳನನ್ನು ನೋಡಿದಂತೆ ನೋಡುತ್ತಾರೆ. ಸರಿ, ತಿರುವಿ ಹಾಕಿ 14 ಸಾವಿರದ್ದನ್ನೇ ಮೊದಲು ಬಿಚ್ಚಿದೆ. ಬೆಲೆ ಹೇಳುವಷ್ಟರಲ್ಲಿ ಜನ ಚಪ್ಪಲಿ ಮೆಟ್ಟಿಕೊಂಡಿದ್ದರು. ಆ ಶ್ರಾವಣದಲ್ಲಿ ಕಡಿಮೆಯೆಂದರೂ 40 ಸಾವಿರದ ವ್ಯಾಪಾರ ಕೈಬಿಟ್ಟಿತು.

ಕೊನೆಗೆ ಫಲಿಸಿದ್ದು ಹೀಗೆ. ದುಬಾರಿ ಸೀರೆಯನ್ನು ನಾನು ತೋರಿಸುವುದೇ ಇಲ್ಲ. ಹಿಂದಿನ ಗಿರಾಕಿ ನೋಡಿ ಬಿಟ್ಟು ಹೋದಂತೆ, ಅರ್ಧ ಮಡಿಕೆ ಬಿಚ್ಚಿ ಪಕ್ಕದಲ್ಲಿ ಬಿಟ್ಟಿರುತ್ತೇನೆ. ಅವರೇ ಮುಟ್ಟುತ್ತಾರೆ, ಅವರೇ ಬೆಲೆ ಕೇಳುತ್ತಾರೆ, ಅವರೇ ಕೈ ಹಿಂತೆಗೆಯುತ್ತಾರೆ. ಆಗ ಎರಡು ಸೀರೆ ಇಳಿಸುತ್ತೇನೆ. ಒಂದೇ ಹತ್ತಿಯ ಒಡಲು, ಗೋಪುರದಂಥ ಬಿಳಿ ವಿನ್ಯಾಸವಿರುವ ಅದೇ ಕೆಂಪು ರೇಷ್ಮೆಯ ತೋಪು ತೆನೆ ಸೆರಗು. ಕಿರಿದಾದ ಸಾದಾ ಅಂಚಿನದಕ್ಕೆ 2,600, ಗೋಮಿ ಎಂಬ ವಿನ್ಯಾಸದ ಅಂಚಿನದಕ್ಕೆ 2,800. 700ರ ನೆನಪು ಅಲ್ಲಿಗೆ ಮುಗಿಯಿತು. ಇನ್ನುಳಿದದ್ದು ಇನ್ನೂರು ರೂಪಾಯಿಯ ಚರ್ಚೆ. ಸಾದಾ ಅಂಚಿನದನ್ನು ಒಯ್ಯುವವರು ಹತ್ತರಲ್ಲಿ ಒಬ್ಬರು. ಅದನ್ನು ಯಾವ ಬಣ್ಣದಲ್ಲಿ ತರಿಸುತ್ತೇನೆ ಎಂಬುದನ್ನು ಮಾತ್ರ ಕೇಳಬೇಡಿ.

ಬಣ್ಣದ ವಿಷಯ ಬಂತು, ಅದರಲ್ಲಿ ಒಮ್ಮೆ ಪೆಟ್ಟು ತಿಂದಿದ್ದೇನೆ. ಹಸಿರು ಸೀರೆಯನ್ನು ಕಡುಗೆಂಪಿನ ಪಕ್ಕ ಹರವಿದರೆ ಹಸಿರು ಎದ್ದು ಕಾಣುತ್ತದೆ. ಒಂದು ತಿಂಗಳು ಹಾಗೆಯೇ ಮಾರಿದೆ. ನಾಲ್ಕೈದು ಸೀರೆ ವಾಪಸ್ ಬಂದವು. "ಇಲ್ಲಿ ಮಿಂಚುತ್ತಿತ್ತು, ಮನೆಯಲ್ಲಿ ಪಾಚಿಯಂತಿದೆ" ಎಂದರು ಒಬ್ಬ ಶಿಕ್ಷಕಿ. ಅವರ ಮನೆಯಲ್ಲಿ ಪಕ್ಕಕ್ಕೆ ಕೆಂಪು ಸೀರೆ ಹಿಡಿಯುವವರು ಯಾರಿದ್ದಾರೆ? ಈಗ ಆರಿಸಿದ್ದನ್ನು ಒಂಟಿಯಾಗಿ ಬಾಗಿಲಿನ ಬಿಸಿಲಿಗೆ ಒಯ್ದು, "ಅಕ್ಕಾ, ಇಲ್ಲಿ ಇನ್ನೊಮ್ಮೆ ನೋಡಿ" ಎನ್ನುತ್ತೇನೆ. ಕೆಲವರು ಅಲ್ಲೇ ಮನಸ್ಸು ಬದಲಿಸುತ್ತಾರೆ. ಬದಲಿಸಲಿ, ವಾಪಸ್ ಬಂದ ಸೀರೆಯ ಮಡಿಕೆ ಮತ್ತೆ ಮೊದಲಿನಂತೆ ಕೂರುವುದಿಲ್ಲ.

ಹೋದ ದೀಪಾವಳಿಗೆ ಹುಲಕೋಟಿಯ ದಂಪತಿ ಬಂದು, ಚೌಕಾಶಿಯನ್ನೂ ಮಾಡದೆ, ಆ 14 ಸಾವಿರದ ಸೀರೆಯನ್ನೇ ಕಟ್ಟಿಕೊಡಿ ಎಂದರು. "ಮುಂಗಡ ಕೊಟ್ಟು ಹೋಗಿದ್ದಾರೆ" ಎಂದು ಸುಳ್ಳು ಹೇಳಿದೆ. ಅಣ್ಣ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.