ಅಬ್ಸರ್ವರ್‌ಶಿಪ್ ಅಂದ್ರೆ ಕೈ ಕಟ್ಟಿ ನಿಲ್ಲೋದು: ದಾವಣಗೆರೆ, ಚಿತ್ರದುರ್ಗದಿಂದ ಅಮೆರಿಕಕ್ಕೆ ಬರುವ ಡಾಕ್ಟರುಗಳಿಗೆ

ತಿಂಗಳಿಗೆ ಒಬ್ಬರಾದರೂ ಫೋನ್ ಮಾಡುತ್ತಾರೆ. "ಅಕ್ಕಾ, ಜೆಜೆಎಂನಲ್ಲಿ ಮುಗಿಸಿದೀನಿ, ಸ್ಟೆಪ್ ಒನ್ ಪಾಸಾಗಿದೆ, ಎಲ್ಲಾದ್ರೂ ಒಂದು ಅಬ್ಸರ್ವರ್‌ಶಿಪ್ ಕೊಡ್ಸಿ." ಜೆಜೆಎಂ ಅಂದರೆ ದಾವಣಗೆರೆಯ ಮೆಡಿಕಲ್ ಕಾಲೇಜು. ಸ್ಟೆಪ್ ಒನ್, ಸ್ಟೆಪ್ ಟೂ ಅಂದರೆ ಅಮೆರಿಕದಲ್ಲಿ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ ಪಡೆಯುವ ತರಬೇತಿ, ಸೇರಲು ನಮ್ಮಂಥ ಡಾಕ್ಟರುಗಳು ಬರೆಯುವ ಪರೀಕ್ಷೆಗಳು. ಅಬ್ಸರ್ವರ್‌ಶಿಪ್ ಕೊಡಿಸೋದು ನನ್ನ ಕೈಲಿಲ್ಲ. ಆದರೆ ನಾನೂ ದಾವಣಗೆರೆಯಿಂದ ಇದೇ ದಾರಿಯಲ್ಲಿ ಬಂದವಳು, ಎರಡು ಸಲ ಎಡವಿದವಳು, ಹಾಗಾಗಿ ಎಲ್ಲೆಲ್ಲಿ ಕಲ್ಲಿದೆ ಅಂತ ಹೇಳಬಲ್ಲೆ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಅಬ್ಸರ್ವರ್ ಅಂದರೆ ನೋಡುವವರು, ಅಷ್ಟೇ. ಪೇಷಂಟ್ ಮೈ ಮುಟ್ಟುವಂತಿಲ್ಲ, ಸ್ಟೆತ್ ಇಡುವಂತಿಲ್ಲ, ಕಂಪ್ಯೂಟರಿನಲ್ಲಿ ಒಂದು ಸಾಲು ಬರೆಯುವಂತಿಲ್ಲ. ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ಸಿ ಮಾಡಿದವರಿಗೆ ಇದು ನಿಜಕ್ಕೂ ಕಷ್ಟ, ಯಾಕಂದ್ರೆ ಅಲ್ಲಿ ರಾತ್ರಿ ಡ್ಯೂಟಿಯಲ್ಲಿ ಲೈನ್ ಹಾಕಿ, ಹೊಲಿಗೆ ಹಾಕಿ, ಹೆರಿಗೆಗೆ ನಿಂತು, ಬೆಳಿಗ್ಗೆ ಹಾಗೇ ರೌಂಡ್ಸಿಗೆ ಹೋದ ಕೈ ಅದು. ಇಲ್ಲಿ ಬಂದು ಜೇಬಲ್ಲಿ ಕೈ ಇಟ್ಟುಕೊಂಡು ನಿಲ್ಲಬೇಕು. ನನ್ನ ಮೊದಲ ವಾರ ಒಬ್ಬ ಅಜ್ಜ ಮಂಚದಿಂದ ಇಳಿಯುತ್ತಿದ್ದಾಗ ಅಭ್ಯಾಸಬಲದಿಂದ ಹೋಗಿ ಹಿಡಿದುಕೊಂಡೆ, ನರ್ಸ್ ಓಡಿ ಬಂದು ಪಕ್ಕಕ್ಕೆ ಕರೆದು ಹೇಳಿದರು. ಬೈಲಿಲ್ಲ. ಆದರೆ ಆ ದಿನವೆಲ್ಲ ಮುಖ ಸಣ್ಣದಾಗಿತ್ತು.

ನೀವಿನ್ನೂ ಫೈನಲ್ ಇಯರಿನಲ್ಲಿದ್ದರೆ ಕಾಲೇಜು ಮುಗಿಯುವ ಮೊದಲೇ ಎಲೆಕ್ಟಿವ್‌ಗೆ, ಅಂದರೆ ವಿದ್ಯಾರ್ಥಿಯಾಗಿಯೇ ಇಲ್ಲಿನ ಆಸ್ಪತ್ರೆಯಲ್ಲಿ ಕೆಲವು ವಾರ ಕಲಿಯೋದಕ್ಕೆ, ಪ್ರಯತ್ನ ಮಾಡಿ. ಅದರಲ್ಲಿ ಪೇಷಂಟನ್ನು ಮುಟ್ಟಿ ಪರೀಕ್ಷೆ ಮಾಡಲು ಬಿಡುತ್ತಾರೆ. ಡಿಗ್ರಿ ಕೈಗೆ ಬಂದ ಮೇಲೆ ದೊಡ್ಡ ಟೀಚಿಂಗ್ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಉಳಿಯೋದು ಅಬ್ಸರ್ವರ್‌ಶಿಪ್ ಮಾತ್ರ.

ಹಾಗಾದ್ರೆ ಸುಮ್ನೆ ನಿಂತು ಏನು ಲಾಭ? ಶಿಫಾರಸು ಲೆಟರ್. 2022ರ ಜನವರಿ ಕೊನೆಯಿಂದ ಸ್ಟೆಪ್ ಒನ್‌ಗೆ ಅಂಕವೇ ಇಲ್ಲ, ಬರೀ ಪಾಸ್ ಅಥವಾ ಫೇಲ್. ಮೊದಲು ಒಳ್ಳೆ ಸ್ಕೋರ್ ತೋರಿಸಿ ಎದ್ದು ಕಾಣುತ್ತಿದ್ದವರಿಗೆ ಆ ದಾರಿ ಮುಚ್ಚಿತು. ಈಗ ಸ್ಟೆಪ್ ಟೂ ಅಂಕ, ಅದರ ಜೊತೆಗೆ ಇಲ್ಲಿನ ಡಾಕ್ಟರೊಬ್ಬರು ನಿಮ್ಮನ್ನು ಕಣ್ಣಾರೆ ನೋಡಿ ಬರೆದ ಮಾತು, ಇವೆರಡಕ್ಕೂ ತೂಕ ಜಾಸ್ತಿ. ಒಂದು ರೆಸಿಡೆನ್ಸಿ ಪ್ರೋಗ್ರಾಮಿಗೆ ನಾಲ್ಕು ಲೆಟರ್ ತನಕ ಹಾಕಬಹುದು. ಹಾಗಂತ ನಾಲ್ಕು ಊರಲ್ಲಿ ಒಂದೊಂದು ವಾರ ಓಡಾಡಬೇಡಿ, ಒಬ್ಬರ ಹತ್ತಿರ ನಾಲ್ಕು ವಾರ ಇರಿ. ವಾರದಲ್ಲಿ ನಿಮ್ಮ ಹೆಸರು ಕಲಿಯೋದೇ ಅವರಿಗೆ ಕಷ್ಟ.

ಏಜೆಂಟರ ಬಗ್ಗೆ. ನನ್ನಪ್ಪ ಚನ್ನಗಿರಿ ಕಡೆಯ ತೋಟದ ಅಡಿಕೆ ಮಾರಿ ಕಳಿಸಿದ ದುಡ್ಡನ್ನು ನಾನು ಒಬ್ಬ ಏಜೆಂಟನಿಗೆ ಕೊಟ್ಟೆ. ಆತ ಹಾಕಿದ್ದು ಒಬ್ಬರೇ ಡಾಕ್ಟರ್ ಇರುವ ಕ್ಲಿನಿಕ್ಕಿಗೆ. ರೆಸಿಡೆಂಟುಗಳಿಲ್ಲ, ರೌಂಡ್ಸ್ ಇಲ್ಲ, ಆ ಡಾಕ್ಟರ್ ಮಧ್ಯಾಹ್ನಕ್ಕೆ ಮನೆಗೆ. ಕೊನೆಗೆ ಸಿಕ್ಕ ಲೆಟರ್ ಐದು ಸಾಲು, ನನ್ನ ಜೊತೆಗಿದ್ದ ಇನ್ನಿಬ್ಬರಿಗೂ ಅದೇ ಐದು ಸಾಲು, ಹೆಸರು ಮಾತ್ರ ಬೇರೆ. ಆಸ್ಪತ್ರೆಗಳೇ ಫೀಸ್ ತೆಗೆದುಕೊಳ್ಳೋದುಂಟು, ಅದು ಬೇರೆ ಮಾತು. ನಡುವಿನವರಿಗೆ ಕೊಡುವ ಮೊದಲು ಎರಡು ಪ್ರಶ್ನೆ ಕೇಳಿ: ಅಲ್ಲಿ ರೆಸಿಡೆನ್ಸಿ ಇದೆಯಾ, ಲೆಟರ್ ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ ಬರುತ್ತಾ.

ಅದಕ್ಕಿಂತ ಸೀನಿಯರುಗಳನ್ನು ಹಿಡಿಯಿರಿ. ಜೆಜೆಎಂ 1965ರ ಕಾಲೇಜು, ಅಲ್ಲಿ ಓದಿ ಇಲ್ಲಿ ಬಿಳಿ ಕೂದಲಾದವರು ಬೇಕಾದಷ್ಟು ಜನ ಇದ್ದಾರೆ. ಚಿತ್ರದುರ್ಗದ ಬಸವೇಶ್ವರ ಕಾಲೇಜಿನವರೂ ಸಿಗುತ್ತಾರೆ. "ನಮಸ್ಕಾರ ಸರ್, ಹೆಲ್ಪ್ ಮಾಡಿ" ಅಂತ ಒಂದೇ ಸಾಲು ಕಳಿಸಬೇಡಿ. ಯಾವ ವಿಭಾಗ, ಯಾವ ತಿಂಗಳು, ಎಷ್ಟು ವಾರ ಅಂತ ಬರೆದು ಸಿವಿ ಹಾಕಿ.

ತಿಂಗಳು ಅಂದೆ ಅಲ್ವಾ. ಸೆಪ್ಟೆಂಬರಿನಲ್ಲಿ ರೆಸಿಡೆನ್ಸಿ ಅರ್ಜಿ ಹೋಗುತ್ತದೆ, ಮಾರ್ಚಿನಲ್ಲಿ ಮ್ಯಾಚ್, ಅಂದರೆ ಯಾರಿಗೆ ಎಲ್ಲಿ ಸೀಟು ಅನ್ನೋದು, ಗೊತ್ತಾಗುತ್ತದೆ, ಜುಲೈಗೆ ಕೆಲಸ ಶುರು. ಅಂದಮೇಲೆ ಲೆಟರ್ ಸೆಪ್ಟೆಂಬರಿಗೆ ಮೊದಲೇ ಏರಿರಬೇಕು. ಮೇ ತಿಂಗಳಿಂದ ಆಗಸ್ಟ್ ಒಳಗೆ ಬಂದರೆ ಒಳ್ಳೆಯದು, ಚಳಿಯೂ ಇರಲ್ಲ.

ಊರಿನಿಂದ ಹೊರಡುವ ಮೊದಲು ಲಸಿಕೆ ವಿಷಯ ಮುಗಿಸಿ. ಇದನ್ನು ಎಲ್ಲರೂ ಕೊನೆಗೆ ಬಿಡುತ್ತಾರೆ, ಆಮೇಲೆ ಒದ್ದಾಡುತ್ತಾರೆ. ಹೆಪಟೈಟಿಸ್ ಬಿ ನಮ್ಮ ಕಡೆ ಹಾಕುವ ರೀತಿಯಲ್ಲಿ ಮೂರು ಡೋಸ್, ಮುಗಿಯಲು ಆರು ತಿಂಗಳು. ದಡಾರ ಮತ್ತು ಚಿಕನ್‌ಪಾಕ್ಸ್ ಲಸಿಕೆ ಹಾಕಿದ್ದಕ್ಕೆ ದಾಖಲೆ ಬೇಕು, ಇಲ್ಲವಾದರೆ ರಕ್ತ ಪರೀಕ್ಷೆ ಮಾಡಿಸಿ ಆಂಟಿಬಾಡಿ ತೋರಿಸಬೇಕು. ಅಮ್ಮನ ಟ್ರಂಕಿನಲ್ಲಿ ಲಸಿಕೆ ಕಾರ್ಡ್ ಇದೆಯಾ ನೋಡಿ. ಟಿಬಿಗೆ ಚರ್ಮದ ಪರೀಕ್ಷೆ ಬೇಡ, ರಕ್ತದ್ದು ಮಾಡಿಸಿ. ನಮಗೆಲ್ಲ ಹುಟ್ಟಿದಾಗಲೇ ಟಿಬಿ ಲಸಿಕೆ ಬಿಸಿಜಿ ಹಾಕಿರೋದರಿಂದ ಚರ್ಮದ್ದು ಕೆಲವೊಮ್ಮೆ ಸುಮ್ನೆ ಪಾಸಿಟಿವ್ ಬಂದು ಎಕ್ಸ್‌ರೇ, ಓಡಾಟ, ತಲೆನೋವು.

ವೀಸಾ ಸಂದರ್ಶನದಲ್ಲಿ ಸುಳ್ಳು ಹೇಳಬೇಡಿ. ಬಿ1/ಬಿ2 ಅನ್ನುವ ವಿಸಿಟರ್ ವೀಸಾದಲ್ಲಿ ಸಂಬಳ ಇಲ್ಲದೆ, ಪೇಷಂಟ್ ಮುಟ್ಟದೆ ನೋಡಲು ಬರಬಹುದು. ಆಸ್ಪತ್ರೆಯ ಪತ್ರ ತೋರಿಸಿ ಇದ್ದದ್ದು ಇದ್ದಂಗೆ ಹೇಳಿ. "ಟೂರಿಗೆ ಹೋಗ್ತಿದೀನಿ" ಅಂದು ಬ್ಯಾಗಿನಲ್ಲಿ ಬಿಳಿ ಕೋಟ್ ಇಟ್ಟುಕೊಂಡು ಬಂದರೆ ಏರ್‌ಪೋರ್ಟಿನಲ್ಲಿ ಏನು ಹೇಳುತ್ತೀರಿ?

ಫೋಟೋ ತೆಗೆಯಬೇಡಿ. ಊರಲ್ಲಿ ಎಕ್ಸ್‌ರೇ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿ "ಏನಂತೀರಿ" ಅಂತ ಕೇಳೋದು ನಮಗೆ ಉಸಿರಾಟದಷ್ಟು ಸಹಜ. ಇಲ್ಲಿ ಪೇಷಂಟ್ ಮಾಹಿತಿಯನ್ನು ಗುಟ್ಟಾಗಿಡಬೇಕು ಅನ್ನೋದಕ್ಕೆ ಹಿಪಾ ಅಂತ 1996ರ ಕಾನೂನಿದೆ. ಲಿಫ್ಟಿನಲ್ಲಿ ಕನ್ನಡದಲ್ಲಿ ಪೇಷಂಟ್ ಸುದ್ದಿ ಮಾತಾಡಿದರೂ ತಪ್ಪೇ, ಪಕ್ಕದವರು ಹುಬ್ಬಳ್ಳಿಯವರಿರಬಹುದು.

ಇನ್ನು ಬಾಯಿ ಬಿಡೋದು. ನಮ್ಮಲ್ಲಿ ಪ್ರೊಫೆಸರ್ ಎದುರು ತಲೆ ತಗ್ಗಿಸಿ ನಿಂತರೆ ಮರ್ಯಾದೆ. ಇಲ್ಲಿ "ನಿಮಗೇನನ್ನಿಸುತ್ತೆ?" ಅಂತ ಕೇಳಿದಾಗ ಸುಮ್ಮನಿದ್ದರೆ ಗೊತ್ತಿಲ್ಲ ಅಂತಲೇ ಲೆಕ್ಕ. ತಪ್ಪಾದರೂ ಹೇಳಿ, ರಾತ್ರಿ ಓದಿ ಮರುದಿನ ನೀವೇ ಆ ಮಾತು ತೆಗೆಯಿರಿ. ಮೂರನೇ ವಾರ ಎದುರಿಗೇ ಕೇಳಿ, "ನನ್ನ ಬಗ್ಗೆ ಗಟ್ಟಿಯಾಗಿ ಬರೆಯೋಕೆ ಆಗುತ್ತಾ?" ಅಂತ. ಸ್ವಲ್ಪ ತಡವರಿಸಿದರೆ ಥ್ಯಾಂಕ್ಸ್ ಹೇಳಿ ಬಿಟ್ಟುಬಿಡಿ, ನೀರಸ ಲೆಟರಿಗಿಂತ ಇಲ್ಲದಿರೋದೇ ವಾಸಿ. ಲೆಟರನ್ನು ಅವರ ಕಡೆಯಿಂದಲೇ ಅಪ್‌ಲೋಡ್ ಮಾಡುತ್ತಾರೆ. ಆ ಲೆಟರನ್ನು ನೋಡುವ ನಿಮ್ಮ ಹಕ್ಕು ಬಿಟ್ಟುಕೊಡಿ, ಆಗಲೇ ಅದಕ್ಕೆ ಬೆಲೆ.

ಉಳಿಯುವ ಜಾಗಕ್ಕೆ ನೀವು ಬರುವ ಇಲ್ಲಿನ ಊರಿನ ಕನ್ನಡ ಕೂಟದವರನ್ನು ಕೇಳಿ, ಆದರೆ ಬಾಡಿಗೆ ಕೊಡ್ತೀನಿ ಅಂತ ಮೊದಲೇ ಹೇಳಿ, ದಿನಾ ಬೆಳಿಗ್ಗೆ ಆರಕ್ಕೆ ಕಾರಲ್ಲಿ ಬಿಡಿ ಅಂತ ಕೇಳಬೇಡಿ. ನಮ್ಮ ಬೇಸ್‌ಮೆಂಟಿನಲ್ಲಿ ಈಗ ಒಬ್ಬ ಹೊಳಲ್ಕೆರೆ ಹುಡುಗ ಇದ್ದಾನೆ, ಆಗಸ್ಟಿಗೆ ಖಾಲಿಯಾಗುತ್ತೆ.