ಗುಬ್ಬಚ್ಚಿ ಕಡಿಮೆಯಾಗುತ್ತಿದೆಯೇ? ಎಣಿಸಿ ತಿಳಿಯುವುದು ಹೀಗೆ

ಐರೋಪ್ಯ ಒಕ್ಕೂಟದ ದೇಶಗಳಲ್ಲಿ 1980ರಿಂದೀಚೆಗೆ ಸುಮಾರು 24.7 ಕೋಟಿ ಗುಬ್ಬಚ್ಚಿಗಳು ಇಲ್ಲವಾಗಿವೆ, ಹೆಚ್ಚುಕಡಿಮೆ ಅರ್ಧದಷ್ಟು. ಎದೆ ನಡುಗಿಸುವ ಈ ಲೆಕ್ಕದ ಹಿಂದೆ ವರ್ಷವರ್ಷವೂ ಬಿಡದೆ ಎಣಿಸಿದ ಹವ್ಯಾಸಿಗಳ ಶ್ರಮವಿದೆ. ದಿನನಿತ್ಯ ಕಾಣುವ ಹಕ್ಕಿ ಇಪ್ಪತ್ತರಿಂದ ಹದಿನೆಂಟಕ್ಕೆ ಇಳಿದರೆ ನೆನಪಿಗೆ ಅದು ಗೊತ್ತಾಗುವುದಿಲ್ಲ, ಬರೆದಿಟ್ಟ ಅಂಕಿಗೆ ಗೊತ್ತಾಗುತ್ತದೆ.

ಮೊದಲು ಜಾಗ ಮತ್ತು ಹೊತ್ತನ್ನು ಗೊತ್ತುಮಾಡಿಕೊಳ್ಳಿ. ಕಿಟಕಿಯೋ ತಾರಸಿಯೋ ಹಿತ್ತಿಲೋ, ಯಾವುದಾದರೂ ಸರಿ, ಆಮೇಲೆ ಬದಲಿಸಬೇಡಿ. ಸೂರ್ಯ ಹುಟ್ಟಿದ ಮೇಲಿನ ಒಂದೆರಡು ಗಂಟೆ ಒಳ್ಳೆಯದು. ವಾರಕ್ಕೊಮ್ಮೆ 15 ನಿಮಿಷ ಸಾಕು.

ಎಣಿಸುವಾಗ ಎಡವುವುದು ಒಂದೇ ಕಡೆ. ಹಾರಿಹೋದ ಗುಬ್ಬಚ್ಚಿಯೇ ಮತ್ತೆ ಬಂದು ಕೂರುತ್ತದೆ, ನಾವು ಅದನ್ನು ಹೊಸದೆಂದು ಕೂಡಿಸುತ್ತೇವೆ. ಆದ್ದರಿಂದ ಒಟ್ಟು ಕೂಡಿಸದೆ, ಒಂದೇ ಸಲಕ್ಕೆ ಕಂಡ ಅತಿ ಹೆಚ್ಚು ಸಂಖ್ಯೆಯನ್ನಷ್ಟೇ ಬರೆಯಿರಿ. ನೆತ್ತಿ ಬೂದು, ಗಂಟಲು ಕಪ್ಪಾಗಿದ್ದರೆ ಗಂಡು. ಮಾಸಲು ಕಂದು ಬಣ್ಣದ್ದು, ಕಣ್ಣಿನ ಹಿಂದೆ ತಿಳಿ ಪಟ್ಟೆಯಿದ್ದರೆ ಹೆಣ್ಣು. ಒಂದೂ ಕಾಣದ ದಿನ ತಪ್ಪದೆ ಸೊನ್ನೆ ಬರೆಯಿರಿ. ಹಲವರು ಬಿಟ್ಟುಬಿಡುವುದು ಇದನ್ನೇ. ಇಳಿಕೆಯನ್ನು ತೋರಿಸಿಕೊಡುವುದೂ ಇದೇ ಸೊನ್ನೆ.

ನಡುವೆ ಹೊಸದಾಗಿ ಕಾಳು ಹಾಕಲು ಶುರುಮಾಡಬೇಡಿ. ಸುತ್ತಲಿನ ಹಕ್ಕಿಗಳೆಲ್ಲ ಬಂದು ಸೇರಿ ಸಂಖ್ಯೆ ಏರಿದಂತೆ ಕಾಣುತ್ತದೆ. ಹಾಕಿದ್ದೇ ಆದರೆ ಆ ದಿನಾಂಕವನ್ನು ಗುರುತು ಹಾಕಿಕೊಳ್ಳಿ.

ಮರಿಗಳ ಮೇಲೆ ವಿಶೇಷ ಗಮನವಿರಲಿ. ಕೊಕ್ಕಿನ ಬುಡದಲ್ಲಿ ಹಳದಿ ಅಂಚು, ರೆಕ್ಕೆ ನಡುಗಿಸುತ್ತಾ ಬಾಯ್ದೆರೆದು ಬೇಡುವ ರೀತಿ, ಇವೇ ಅವುಗಳ ಗುರುತು. ದೊಡ್ಡವು ಕಾಳು ತಿಂದು ಬದುಕುತ್ತವೆ, ಗೂಡಿನ ಮರಿಗಳಿಗೆ ಮೊದಲ ದಿನಗಳಲ್ಲಿ ಮೆತ್ತನೆಯ ಹುಳುಗಳೇ ಬೇಕು. ಜೋಡಿಗಳಿದ್ದೂ ಋತುವಿಡೀ ಮರಿ ಕಾಣದಿದ್ದರೆ ನನ್ನ ಮೊದಲ ಅನುಮಾನ ಕೀಟನಾಶಕದ ಮೇಲೆ ಮತ್ತು ಕಡಿದುಹಾಕಿದ ಬೇಲಿಗಿಡಗಳ ಮೇಲೆ. ಗೋಡೆಯ ಸಂದು, ಸೂರಿನ ತೂತುಗಳು ಮುಚ್ಚಿಹೋಗಿವೆಯೇ ಎಂಬುದನ್ನೂ ನೋಡಿ ಬರೆದಿಡಿ.

ಅಂಕಿಗಳು ನಿಮ್ಮ ಪುಸ್ತಕದಲ್ಲೇ ಉಳಿಯಬಾರದು. ಹಕ್ಕಿ ನೋಡಿದವರು ತಮ್ಮ ಲೆಕ್ಕ ಸೇರಿಸುವ, 2002ರಲ್ಲಿ ಶುರುವಾದ ಜಾಲತಾಣ ಇ-ಬರ್ಡ್‌ನಲ್ಲಿ ಅವನ್ನು ದಾಖಲಿಸಬಹುದು. ಗುಬ್ಬಚ್ಚಿಯ ಜೊತೆಗೆ ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಪಟ್ಟಿಮಾಡಿದರೆ ಸಂಶೋಧಕರಿಗೆ ಹೆಚ್ಚು ಉಪಯೋಗ: ಪಟ್ಟಿಯಲ್ಲಿ ಗುಬ್ಬಚ್ಚಿ ಇಲ್ಲವೆಂದರೆ ಅದು ಕಾಣಲಿಲ್ಲವೆಂದೇ ಅವರು ತಿಳಿಯಬಹುದು.

ಕೊನೆಗೆ ಹೋಲಿಕೆ. ಮರಿಗಳು ಗೂಡು ಬಿಟ್ಟ ತಿಂಗಳಲ್ಲಿ ಗುಂಪು ಹಿಗ್ಗುವುದು ಸಹಜ, ಹಾಗಾಗಿ ಈ ಜೂನ್ ತಿಂಗಳನ್ನು ಮುಂದಿನ ಜೂನ್ ಜೊತೆಗೇ ಇಟ್ಟು ನೋಡಿ. ಒಂದು ವರ್ಷದ ಇಳಿಕೆ ಮಳೆಯಿಂದಲೋ ಬೆಕ್ಕಿನಿಂದಲೋ ಆಗಿರಬಹುದು. ಐದಾರು ವರ್ಷ ಇಳಿಯುತ್ತಲೇ ಹೋದರೆ ಗಾಬರಿಪಡಲು ಕಾರಣವಿದೆ.