ತೂಕ ಇಳಿಸುವ ಸರ್ಜರಿ: ಮೊದಲೂ ಆಮೇಲೂ ಮೈ ಚುರುಕಾಗಿಡುವುದು ಹೇಗೆ?

ಜಠರದ ಬಹುಭಾಗವನ್ನು ಕತ್ತರಿಸಿ ತೆಗೆಯುವ ಸ್ಲೀವ್ ಇರಲಿ, ಜಠರವನ್ನು ಪುಟ್ಟ ಚೀಲವಾಗಿಸಿ ಸಣ್ಣಕರುಳಿಗೆ ಜೋಡಿಸುವ ಬೈಪಾಸ್ ಇರಲಿ, ಸರ್ಜರಿಯ ನಂತರ ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಅದನ್ನು ಉಳಿಸಿಕೊಳ್ಳಲು ವ್ಯಾಯಾಮ ಮಾಡಿ ಎಂದು ಎಲ್ಲ ವೈದ್ಯರೂ ಹೇಳುತ್ತಾರೆ. ಆದರೆ ಹೆಂಗಸರ ನಡಿಗೆ ಎರಡೇ ವಾರಕ್ಕೆ ಏಕೆ ನಿಂತುಹೋಗುತ್ತದೆ ಎಂದು ಕೇಳುವವರು ಕಡಿಮೆ. ಕೆಮ್ಮಿದರೆ ಸೋರುವ ಮೂತ್ರ, ಉಜ್ಜಿ ಉರಿಯುವ ತೊಡೆ, ಮಂಡಿನೋವು, ಮುಟ್ಟಿನಿಂದ ಬಂದ ರಕ್ತಹೀನತೆ, ತನಗೆಂದು ಸಿಗದ ಅರ್ಧ ಗಂಟೆ ಇವೆಲ್ಲ ನಿಜವಾದ ಅಡ್ಡಿಗಳು. ಇವನ್ನು ಸೋಮಾರಿತನ ಎಂದು ಕರೆಯುವುದು ಅನ್ಯಾಯ.

ಸರ್ಜರಿಗೆ ಮೊದಲು

ದಿನಾಂಕ ಗೊತ್ತಾದ ದಿನದಿಂದಲೇ ಶುರುಮಾಡಿ. 10 ನಿಮಿಷದ ನಡಿಗೆ, ದಿನಕ್ಕೆ ಮೂರು ಸಲ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ವೇಗ ಅಷ್ಟಿದ್ದರೆ ಸರಿ. ಮಂಡಿ ಸವೆದಿದ್ದರೆ ಏರುತಗ್ಗಿನ ರಸ್ತೆ ಬಿಟ್ಟು ಮನೆಯ ತಾರಸಿಯನ್ನೋ ಪಾರ್ಕಿನ ಸಮತಟ್ಟು ದಾರಿಯನ್ನೋ ಆರಿಸಿಕೊಳ್ಳಿ. ತೊಡೆ ಉಜ್ಜುವವರು ಸೀರೆ, ಚೂಡಿದಾರದ ಒಳಗೆ ಮೊಣಕಾಲಿನವರೆಗೆ ಬರುವ ಸೈಕ್ಲಿಂಗ್ ಶಾರ್ಟ್ಸ್ ತೊಟ್ಟು, ಹೊರಡುವ ಮುನ್ನ ತೊಡೆಸಂದಿಗೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಹಚ್ಚಿಕೊಳ್ಳಲಿ. ಎದೆಗೆ ಅಗಲ ಪಟ್ಟಿಯ ಸ್ಪೋರ್ಟ್ಸ್ ಬ್ರಾ ಇದ್ದರೆ ಭುಜ, ಬೆನ್ನು ನೋಯುವುದು ಕಡಿಮೆಯಾಗುತ್ತದೆ.

‘ದಿನವಿಡೀ ಮನೆಕೆಲಸ ಮಾಡ್ತೀನಲ್ಲ, ಇನ್ನೇನು ವ್ಯಾಯಾಮ?’ ಎನ್ನುವ ಮಾತು ಸಾಮಾನ್ಯ. ಕೆಲಸ ದಣಿಸುತ್ತದೆ, ಸಂಶಯವಿಲ್ಲ. ಆದರೆ ಅದರ ಬಹುಪಾಲು ಒಲೆಯ ಮುಂದೆ ನಿಂತು ಮಾಡುವಂಥದ್ದು. ಎದೆಬಡಿತ ಒಂದೇ ಸಮನೆ ಏರಿ ಹತ್ತು ನಿಮಿಷ ನಿಲ್ಲುವುದಿಲ್ಲ. ಹಾಗಾಗಿ ಬೆಳಗಿನ ಕಾಫಿ ಅಥವಾ ಸಂಜೆಯ ಪಾತ್ರೆ, ಯಾವುದಾದರೂ ಒಂದು ಕೆಲಸವನ್ನು ಮನೆಯ ಬೇರೊಬ್ಬರು ಕಾಯಂ ವಹಿಸಿಕೊಳ್ಳಬೇಕು. ಇದನ್ನು ಸರ್ಜರಿಗೆ ಮೊದಲೇ ಮಾತಾಡಿ ಮುಗಿಸಿ. ಆಮೇಲೆ ಕೇಳಲು ತ್ರಾಣವಿರುವುದಿಲ್ಲ.

ಮೂತ್ರ ಸೋರುವಿಕೆ

ನಾಚಿಕೆಯಿಂದ ಯಾರೂ ಹೇಳದ ತೊಂದರೆ ಇದು. ಬೊಜ್ಜಿನ ಭಾರ, ಹೆರಿಗೆ, ವಯಸ್ಸು ಸೇರಿ ಕಿಬ್ಬೊಟ್ಟೆಯ ತಳದ ಸ್ನಾಯು ಸಡಿಲವಾಗಿರುತ್ತದೆ. ಸೋರುವ ಭಯಕ್ಕೆ ನಡಿಗೆ ಬಿಡುತ್ತಾರೆ. ಅದಕ್ಕಿಂತ ಕೆಟ್ಟದ್ದು, ನೀರು ಕುಡಿಯುವುದನ್ನೂ ಬಿಡುತ್ತಾರೆ. ಸರ್ಜರಿಯಾದ ಮೇಲೆ ಹೊಟ್ಟೆ ಒಮ್ಮೆಗೆ ಹಿಡಿಸುವುದೇ ಕೆಲವು ಗುಟುಕು. ಅದನ್ನೂ ತಪ್ಪಿಸಿದರೆ ತಲೆಸುತ್ತು, ಮಲಬದ್ಧತೆ, ಮೂತ್ರಪಿಂಡದ ಕಲ್ಲು. ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್ ನೀರು, ಗುಟುಕು ಗುಟುಕಾಗಿ, ಹೋಗಲೇಬೇಕು. ಊಟದ ಜೊತೆಗೆ ಬೇಡ, ಊಟವಾಗಿ ಅರ್ಧ ಗಂಟೆ ಬಿಟ್ಟು.

ಸಡಿಲವಾದ ಈ ಸ್ನಾಯುವನ್ನು ಬಲಪಡಿಸುವ ಕೆಗೆಲ್ ವ್ಯಾಯಾಮ ಹೀಗೆ: ಮೂತ್ರವನ್ನೂ ವಾಯುವನ್ನೂ ತಡೆಯುವಂತೆ ಒಳಗಿನ ಸ್ನಾಯುವನ್ನು ಮೇಲಕ್ಕೆ ಎಳೆದು 5 ಎಣಿಸುವವರೆಗೆ ಹಿಡಿಯಿರಿ, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. 8ರಿಂದ 10 ಸಲ, ದಿನಕ್ಕೆ ಮೂರು ಬಾರಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಉಸಿರು ಕಟ್ಟುತ್ತಾರೆ, ಪೃಷ್ಠವನ್ನು ಬಿಗಿಯುತ್ತಾರೆ, ಇಲ್ಲವೇ ಕೆಳಕ್ಕೆ ತಿಣುಕುತ್ತಾರೆ. ತಿಣುಕಿದರೆ ಸೋರುವುದು ಹೆಚ್ಚೇ ಆಗುತ್ತದೆ. ಮೂತ್ರ ಮಾಡುತ್ತಿರುವಾಗ ಅಭ್ಯಾಸ ಬೇಡ. ಫಲ ಕಾಣಲು ಮೂರು ತಿಂಗಳು ಕೊಡಿ. ಅಲ್ಲಿಯವರೆಗೆ ಪ್ಯಾಡ್ ಇಟ್ಟುಕೊಂಡು ನಡೆಯಿರಿ.

ಸರ್ಜರಿಯ ನಂತರದ ಆರು ವಾರ

ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಅದೇ ದಿನ ಅಥವಾ ಮರುದಿನವೇ ಎಬ್ಬಿಸಿ ನಡೆಸುತ್ತಾರೆ. ಮನೆಗೆ ಬಂದ ಮೇಲೆ ಎಚ್ಚರವಿರುವಾಗ ಗಂಟೆಗೊಮ್ಮೆ ಐದು ನಿಮಿಷ ಓಡಾಡಿ. 4–5 ಕೆ.ಜಿ.ಗಿಂತ ಭಾರದ್ದನ್ನು ಎತ್ತಬೇಡಿ: ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಒದ್ದೆ ಬಟ್ಟೆಯ ಬಕೆಟ್, ಎತ್ತಿಕೊಳ್ಳು ಎನ್ನುವ ಮಗು ಯಾವುದೂ ಬೇಡ. ಸರ್ಜರಿಗೆಂದು ಹೊಟ್ಟೆಗೆ ತೂತು ಹಾಕಿದ ಜಾಗದಲ್ಲಿ ಇಂಥದ್ದರಿಂದ ಹರ್ನಿಯಾ (ಒಳಗಿನ ಕರುಳು ಹೊರಚಾಚಿ ಉಬ್ಬುವುದು) ಆಗಬಹುದು. ಹೊಟ್ಟೆ ಬಿಗಿಯುವ ವ್ಯಾಯಾಮ, ಈಜು, ಸೂರ್ಯನಮಸ್ಕಾರಕ್ಕೆ ಸರ್ಜನ್ ಒಪ್ಪಿಗೆ ಕೊಡುವವರೆಗೆ ಕಾಯಿರಿ.

ಒಂದು ಮೀನಖಂಡ ಮಾತ್ರ ಊದಿ ನೋಯುವುದು, ಎದೆನೋವು, ಏದುಸಿರು, ಜ್ವರ, ಸುಮ್ಮನೆ ಕೂತಾಗಲೂ ನಾಡಿ 120 ದಾಟುವುದು, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ.

ಮಂಡಿನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವುದನ್ನು ನಿಲ್ಲಿಸಿ. ಬೈಪಾಸ್ ಆದವರಿಗೆ ಜೋಡಣೆಯ ಜಾಗದಲ್ಲಿ ಹುಣ್ಣಾಗಬಹುದು. ಪ್ಯಾರಾಸಿಟಮಾಲ್ ಸಾಕೇ ಎಂದು ವೈದ್ಯರನ್ನು ಕೇಳಿ.

ಆಮೇಲೆ: ನಡಿಗೆಯೊಂದೇ ಸಾಲದು

ಸರ್ಜನ್ ಒಪ್ಪಿದ ಮೇಲೆ ವಾರಕ್ಕೆ ಕನಿಷ್ಠ ಎರಡು ದಿನ ಬಲದ ವ್ಯಾಯಾಮ ಬೇಕು. ಜಿಮ್ ಬೇಕಿಲ್ಲ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತರಿಸಿ, ಕೈ ಊರದೆ ಎದ್ದು ನಿಲ್ಲಿ, ಮೂರು ಎಣಿಸುತ್ತಾ ನಿಧಾನವಾಗಿ ಕೂರಿ. ಎಂಟು ಸಲ, ಎರಡು ಸುತ್ತು. ಮಂಡಿ ನೋಯುವವರು ಕುರ್ಚಿಯ ಮೇಲೊಂದು ಗಟ್ಟಿ ದಿಂಬು ಹಾಕಿ ಎತ್ತರ ಹೆಚ್ಚಿಸಲಿ. ವಾರಗಳು ಕಳೆದಂತೆ ತೆಗೆಯಬಹುದು. ಗೋಡೆಗೆ ಕೈಯೂರಿ ಪುಷ್‌ಅಪ್, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಒಂದು ಲೀಟರ್ ನೀರಿನ ಬಾಟಲಿಯೇ ಡಂಬೆಲ್. ನಡಿಗೆ ವಾರಕ್ಕೆ 150 ನಿಮಿಷ ಮುಟ್ಟಲಿ.

ಇದಕ್ಕೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ. ಮುದ್ದೆ, ಅನ್ನದಿಂದ ಶುರುಮಾಡಿದರೆ ಸಾರಿನ ಬೇಳೆಗೆ ಹೊಟ್ಟೆಯಲ್ಲಿ ಜಾಗವೇ ಉಳಿಯದು. ಮೊಟ್ಟೆ, ಪನೀರ್, ಕಾಳು, ಮೀನು ಮೊದಲು. ಉಪವಾಸದ ದಿನ ಬಲದ ವ್ಯಾಯಾಮ ಬೇಡ. ಬೈಪಾಸ್ ಆದವರಿಗೆ ಸಿಹಿ ತಿಂದು ಒಂದೆರಡು ಗಂಟೆಗೆ ಬೆವರು, ನಡುಕ ಬರಬಹುದು. ಸಕ್ಕರೆ ಮಟ್ಟ ಕುಸಿದಿರುವ ಲಕ್ಷಣ ಅದು. ನಡಿಗೆ ನಿಲ್ಲಿಸಿ ಕೂರಿ, ವೈದ್ಯರಿಗೆ ತಿಳಿಸಿ.

ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿದೆಯೇ? ಮನಸ್ಸನ್ನು ದೂರುವ ಮೊದಲು ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು), ಬಿ12 ಪರೀಕ್ಷೆ ಮಾಡಿಸಿ. ಮುಟ್ಟಾಗುವ ಹೆಂಗಸರಿಗೆ ಸರ್ಜರಿಯ ನಂತರ ದಿನಕ್ಕೆ 45–60 ಮಿ.ಗ್ರಾಂ ಕಬ್ಬಿಣಾಂಶ ಬೇಕಾಗುತ್ತದೆ. ಅದನ್ನು ಕ್ಯಾಲ್ಸಿಯಂ ಮಾತ್ರೆಯಿಂದ ಎರಡು ಗಂಟೆ ದೂರವಿಡಿ. ಕಾಫಿ, ಚಹಾದ ಜೊತೆಯೂ ನುಂಗಬೇಡಿ. ಸುಸ್ತಿನ ಜೊತೆ ಮುಟ್ಟೂ ತಪ್ಪಿದ್ದರೆ ಗರ್ಭ ಪರೀಕ್ಷೆ ಮಾಡಿಸಿ. ಪಿಸಿಒಡಿಯಿಂದ (ಅಂಡಾಶಯದ ಹಾರ್ಮೋನ್ ಏರುಪೇರು) ಮಕ್ಕಳಾಗದು ಎಂದುಕೊಂಡಿದ್ದವರಿಗೂ ತೂಕ ಇಳಿದಾಗ ಗರ್ಭ ನಿಲ್ಲಬಹುದು. ಆದರೆ ಸರ್ಜರಿಯಾದ ಮೊದಲ 12ರಿಂದ 18 ತಿಂಗಳು ಗರ್ಭ ಧರಿಸದಿರುವುದೇ ಒಳ್ಳೆಯದು. ಬೈಪಾಸ್ ಆದವರು ಗರ್ಭನಿರೋಧಕ ಗುಳಿಗೆಯನ್ನೇ ನಂಬದೆ ಕಾಪರ್-ಟಿಯಂಥ ವಿಧಾನದ ಬಗ್ಗೆ ಕೇಳಬೇಕು.

ಜೋತುಬಿದ್ದ ಚರ್ಮ ನಡೆಯುವಾಗ ಅಲುಗಾಡಿ ಮಡಿಕೆಯೊಳಗೆ ಬೆವರಿ ಕೆಂಪಾಗುತ್ತದೆ. ಮಡಿಕೆಯನ್ನು ಒರೆಸಿ ಪೂರ್ತಿ ಒಣಗಿಸಿ, ಎತ್ತರದ ಸೊಂಟಪಟ್ಟಿಯ ಬಿಗಿ ಲೆಗ್ಗಿಂಗ್ಸ್‌ನಲ್ಲಿ ಹಿಡಿದಿಡಿ. ಚರ್ಮ ತೆಗೆಸುವ ಸರ್ಜರಿಯ ಯೋಚನೆಯಿದ್ದರೆ ತೂಕ ಒಂದೆಡೆ ನಿಂತ ಮೇಲೆ ಮಾಡಿ; ಅದಕ್ಕೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಹಿಡಿಯುತ್ತದೆ.